ಎಂ416 ಟ್ರೈಲರ್ ಹೊದಿಕೆಗೆ ಕಮಾನು: ಪಿವಿಸಿ, ಉಕ್ಕು, ಮರ – ಯಾವುದು ಸರಿ?

ಅಮೆರಿಕದ ಸೇನೆ ಜೀಪಿನ ಹಿಂದೆ ಎಳೆಯುತ್ತಿದ್ದ ಕಾಲು ಟನ್ನಿನ ಎಂ416 ಟ್ರೈಲರ್‌ಗೆ ಚಪ್ಪಟೆ ಕ್ಯಾನ್ವಾಸ್ ಹೊದಿಕೆ. ಮಳೆ ಬಂದರೆ ನಡುವೆ ನೀರು ನಿಂತು ಜೋತು ಬೀಳುತ್ತದೆ. ಕೆಳಗೆ ಕಮಾನು ಕೊಟ್ಟರೆ ನೀರು ಜಾರಿಹೋಗುತ್ತದೆ.

ಪಿವಿಸಿ ಪೈಪು ಅಗ್ಗ, ಕೈಯಲ್ಲೇ ಬಾಗುತ್ತದೆ. ಆದರೆ ಬಿಸಿಲಿಗೆ ಮೆತ್ತಗಾಗಿ ಕುಗ್ಗುತ್ತದೆ, ಹಳೆಯದಾದಂತೆ ಸೀಳುತ್ತದೆ. ಅಳತೆ ನೋಡೋದಕ್ಕೆ ಪರವಾಗಿಲ್ಲ, ಅಷ್ಟೇ.

ವೈರಿಂಗ್‌ಗೆ ಬಳಸುವ ಮುಕ್ಕಾಲು ಇಂಚಿನ ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ಉಕ್ಕಿನ ಪೈಪಿಗೇ ನನ್ನ ಓಟು. ಪೈಪು ಬಗ್ಗಿಸುವ ಸಾಧನ, ಬೆಂಡರ್, ಬೇಕೇ ಬೇಕು. ಮೊಣಕಾಲಿಗೆ ಒತ್ತಿ ಬಗ್ಗಿಸಿದರೆ ಒಳಬದಿ ಮಡಚಿ ಚಪ್ಪಟೆಯಾಗುತ್ತದೆ, ಆಮೇಲೆ ಅಲ್ಲೇ ಮುರಿಯುತ್ತದೆ. ಬೆಸುಗೆ ಬೇಡ: ಸತುವಿನ ಲೇಪ ಸುಟ್ಟ ಹೊಗೆ ಒಳ್ಳೇದಲ್ಲ, ಸುಟ್ಟ ಜಾಗಕ್ಕೆ ತುಕ್ಕೂ ಬೇಗ. ನಟ್ಟು-ಬೋಲ್ಟೇ ಸಾಕು. ಬೋಲ್ಟಿನ ತಲೆ ಕ್ಯಾನ್ವಾಸಿಗೆ ತಾಗದಂತೆ ಒಳಮುಖ ಮಾಡಿ, ಮೇಲೆ ಹಳೇ ಸೈಕಲ್ ಟ್ಯೂಬು ಸುತ್ತಿ. ಇಲ್ಲದಿದ್ದರೆ ಗಾಳಿಗೆ ಪಟಪಟ ಹೊಡೆದುಕೊಂಡು ಅಲ್ಲೇ ತೂತು.

ಮರದ ಕಮಾನು ನೋಡೋಕೆ ಚೆಂದ, ಹಳೇ ಗಾಡಿಗೆ ಒಪ್ಪುತ್ತದೆ. ತೆಳು ಪಟ್ಟಿಗಳನ್ನು ಅಂಟಿಸಿ ಅಚ್ಚಿನಲ್ಲಿ ಬಿಗಿಯಬೇಕು, ವಾರ್ನಿಷ್ ತಪ್ಪಬಾರದು. ಪ್ರದರ್ಶನಕ್ಕಷ್ಟೇ ಹೋಗುವ ಟ್ರೈಲರ್ ಆದರೆ ಇದೇ ಸರಿ ಅಲ್ವಾ?

ಯಾವುದಾದರೂ ಸರಿ, ಟ್ರೈಲರ್ ಮೈಗೆ ಹೊಸ ತೂತು ಕೊರೆಯಬೇಡಿ. ಒಳಗೆ ಮರದ ಚೌಕಟ್ಟು ಕೂರಿಸಿ, ಕಮಾನಿನ ಕಾಲು ಅದಕ್ಕೆ ಸಿಕ್ಕಿಸಿ. ನಡುವಿನ ಕಮಾನು ಮಾತ್ರ ಉಳಿದವಕ್ಕಿಂತ ಎರಡು ಇಂಚು ಎತ್ತರ ಇರಲಿ.