ಮನೆಯ ಮಿಲ್ಲಿಂಗ್ ಮಷಿನ್‌ಗೆ ಲಿನಕ್ಸ್‌ಸಿಎನ್‌ಸಿ: ಎರಡು ವರ್ಷ ಓಡಿಸಿದ ಮೇಲೆ

ನಮ್ಮ ಮನೆಯ ಕಾರ್ ಶೆಡ್‌ನಲ್ಲಿ ಒಂದು ಚಿಕ್ಕ ಮಿಲ್ಲಿಂಗ್ ಮಷಿನ್ ಇದೆ. ಮೊದಲು ಕೈಯಲ್ಲೇ ಹ್ಯಾಂಡಲ್ ತಿರುಗಿಸುತ್ತಿದ್ದೆ, ಆಮೇಲೆ ಸ್ಟೆಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಕೂರಿಸಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಓಡುವ ಮಷಿನ್ ಮಾಡಿಕೊಂಡೆ. ಎರಡು ವರ್ಷದಿಂದ ಅದನ್ನು ಓಡಿಸುತ್ತಿರುವುದು ಲಿನಕ್ಸ್‌ಸಿಎನ್‌ಸಿ ಅನ್ನುವ ಸಾಫ್ಟ್‌ವೇರ್. ‘ಹವ್ಯಾಸಕ್ಕೆ ಇಷ್ಟೆಲ್ಲಾ ಬೇಕಾ, ಜಿಆರ್‌ಬಿಎಲ್ ಸಾಕಲ್ವಾ?’ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಜಿಆರ್‌ಬಿಎಲ್ ಕೂಡ ಇದೇ ಕೆಲಸದ, ಇನ್ನೂ ಸರಳವಾದ ಸಾಫ್ಟ್‌ವೇರ್. ಮರ, ಅಕ್ರಿಲಿಕ್ ಕೆತ್ತುವ ಮೂರು ಆಕ್ಸಿಸ್ (ಮೂರು ದಿಕ್ಕಿಗೆ ಚಲಿಸುವ) ರೂಟರ್ ಮಷಿನ್ ಆದರೆ ಖಂಡಿತ ಸಾಕು. ಆರ್ಡುಯಿನೋ ಊನೋ ಅನ್ನುವ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡಿಗೆ ಹಾಕಿ, ನಾಲ್ಕಾರು ಸೆಟ್ಟಿಂಗ್ ಕೊಟ್ಟರೆ ಅವತ್ತೇ ಕೆಲಸ ಶುರು. ಲೋಹ ಕತ್ತರಿಸುವವರ, ಮಷಿನ್‌ಗೆ ಆಗಾಗ ಏನಾದರೂ ಸೇರಿಸುತ್ತಲೇ ಇರುವವರ ಮಾತು ಬೇರೆ.

ಲಿನಕ್ಸ್‌ಸಿಎನ್‌ಸಿ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್‌ನಲ್ಲಿ 1990ರ ದಶಕದಲ್ಲಿ ಇಎಂಸಿ ಅನ್ನುವ ಹೆಸರಲ್ಲಿ ಹುಟ್ಟಿದ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ಸೋರ್ಸ್ ಕೋಡ್ ಸಮೇತ.

ಇದರ ಜೀವಾಳ ಎಚ್‌ಎಎಲ್ (ಹಾರ್ಡ್‌ವೇರ್ ಅಬ್‌ಸ್ಟ್ರಾಕ್ಷನ್ ಲೇಯರ್), ಅಂದರೆ ಸಾಫ್ಟ್‌ವೇರನ್ನು ಮಷಿನ್‌ನ ಭಾಗಗಳಿಗೆ ಜೋಡಿಸುವ ಪದರ. ಎಲೆಕ್ಟ್ರಿಷಿಯನ್ ಪ್ಯಾನಲ್ ಬೋರ್ಡಿನಲ್ಲಿ ವೈರ್ ಎಳೆಯುವ ಹಾಗೆ ಇಲ್ಲಿ ಒಂದು ಫೈಲಿನಲ್ಲಿ ಯಾವ ಪಿನ್ (ಸಿಗ್ನಲ್ ಬರುವ ಅಥವಾ ಹೋಗುವ ಜಾಗ) ಯಾವುದಕ್ಕೆ ಸೇರಬೇಕು ಅಂತ ಸಾಲು ಸಾಲಾಗಿ ಬರೆಯುತ್ತೇವೆ. ನನಗೆ ಇದರ ಬೆಲೆ ಗೊತ್ತಾಗಿದ್ದು ಒಂದು ತೊಂದರೆಯಿಂದ. ಸ್ಪಿಂಡಲ್ (ಕತ್ತರಿಸುವ ಟೂಲ್ ತಿರುಗಿಸುವ ಭಾಗ) ಆನ್ ಮಾಡಿದ ತಕ್ಷಣ ಎಕ್ಸ್ ಆಕ್ಸಿಸ್ ಲಿಮಿಟ್, ಅಂದರೆ ಓಟದ ಕೊನೆಯ ಸ್ವಿಚ್, ಮುಟ್ಟಿದೆ ಅಂತ ಮಷಿನ್ ನಿಂತುಬಿಡುತ್ತಿತ್ತು, ಟೇಬಲ್ ನೋಡಿದರೆ ನಡುವಿನಲ್ಲೇ ಇರುತ್ತಿತ್ತು. ಸ್ವಿಚ್ ಬದಲಿಸಿದೆ, ಆದರೂ ಅದೇ ಕಥೆ. ಕೊನೆಗೆ ಜೊತೆಯಲ್ಲೇ ಬರುವ, ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಹಾಲ್‌ಸ್ಕೋಪ್ ತೆರೆದು ಆ ಸ್ವಿಚ್ಚಿನ ಪಿನ್ ನೋಡಿದೆ. ಸ್ಪಿಂಡಲ್ ಓಡಿಸುವ ಇನ್ವರ್ಟರ್ ಚಾಲೂ ಆದಾಗಲೆಲ್ಲ ಗೆರೆ ಚಣಕಾಲ ಮೇಲೆ ಜಿಗಿದು ಇಳಿಯುತ್ತಿತ್ತು, ಅಂದರೆ ಬರೀ ಎಲೆಕ್ಟ್ರಿಕಲ್ ನಾಯ್ಸ್. ಪಿನ್ನಿಗೂ ಲಿಮಿಟ್‌ಗೂ ನಡುವೆ ಡಿಬೌನ್ಸ್ ಅನ್ನುವ ಕಾಂಪೊನೆಂಟ್ ಸೇರಿಸಿದೆ, ಸಿಗ್ನಲ್ 5 ಮಿಲಿಸೆಕೆಂಡ್ ನಿಂತರೆ ಮಾತ್ರ ನಂಬು ಅಂತ. ಶೀಲ್ಡ್ ಇರುವ ಕೇಬಲ್ಲನ್ನೂ ಎಳೆದೆ. ಅವತ್ತಿನಿಂದ ಸುಮ್‌ಸುಮ್ನೆ ನಿಂತಿಲ್ಲ. ಸಮಸ್ಯೆಯನ್ನು ಕಣ್ಣಾರೆ ನೋಡಿ ಸರಿ ಮಾಡುವ ಈ ಅನುಕೂಲಕ್ಕಾಗಿಯೇ ನಾನು ಇದನ್ನು ಬಿಡುವುದಿಲ್ಲ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಮೊದಲನೆಯದು ಕಂಪ್ಯೂಟರ್. ಪ್ಯಾರಲಲ್ ಪೋರ್ಟಿನಿಂದ (ಹಳೇ ಪ್ರಿಂಟರ್ ಪೋರ್ಟ್) ನೇರವಾಗಿ ಮೋಟರ್ ತಿರುಗಿಸುವ ಪಲ್ಸ್ ಕಳಿಸಬೇಕಾದರೆ, ಕಂಪ್ಯೂಟರ್ ಎಷ್ಟು ತಡ ಮಾಡುತ್ತದೆ ಅಂತ ಅಳೆಯುವ ಲೇಟೆನ್ಸಿ ಟೆಸ್ಟ್‌ನಲ್ಲಿ 20 ಮೈಕ್ರೋಸೆಕೆಂಡ್ ಒಳಗೆ ಬಂದರೆ ಒಳ್ಳೆಯದು, 100 ದಾಟಿದರೆ ಆ ಕಂಪ್ಯೂಟರ್ ಆ ಕೆಲಸಕ್ಕೆ ಆಗುವುದಿಲ್ಲ. ನನ್ನ ಲ್ಯಾಪ್‌ಟಾಪ್ ಹೊಸದಾದರೂ ಇದರಲ್ಲಿ ಪಾಸಾಗಲಿಲ್ಲ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಂದ ಹಳೇ ಡೆಸ್ಕ್‌ಟಾಪ್ ಆರಾಮಾಗಿ ಪಾಸಾಯಿತು. ಟೆಸ್ಟ್ ಹಾಕಿ ಹತ್ತು ನಿಮಿಷಕ್ಕೇ ಎದ್ದು ಹೋಗಬೇಡಿ. ವಿಡಿಯೋ ಓಡಿಸಿ, ವಿಂಡೋ ಎಳೆದಾಡಿ, ಗಂಟೆಗಟ್ಟಲೆ ಬಿಟ್ಟು ನೋಡಿ. ಮೆಸಾ ಅನ್ನುವ ಕಂಪನಿಯ ಕಂಟ್ರೋಲ್ ಕಾರ್ಡ್ ಹಾಕಿದರೆ ಪಲ್ಸ್ ಕೆಲಸ ಅದೇ ನೋಡಿಕೊಳ್ಳುತ್ತದೆ, ಈ ತಲೆನೋವು ತುಂಬಾ ಕಮ್ಮಿ, ಆದರೆ ಖರ್ಚು ಜಾಸ್ತಿ.

ಎರಡನೆಯದು ಕಲಿಯುವ ಸಮಯ. ಸ್ಟೆಪ್‌ಕಾನ್ಫ್ ವಿಜಾರ್ಡ್ ಶುರುವಿನ ಕೆಲಸ ಮಾಡಿಕೊಡುತ್ತದೆ. ನನ್ನ ಮೋಟರ್ ಒಂದು ಸುತ್ತಿಗೆ 200 ಸ್ಟೆಪ್, ಡ್ರೈವರ್ 10 ಮೈಕ್ರೋಸ್ಟೆಪ್ (ಒಂದೊಂದು ಸ್ಟೆಪ್ಪನ್ನು ಹತ್ತು ಭಾಗ ಮಾಡುತ್ತದೆ), ಸ್ಕ್ರೂ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 5 ಮಿ.ಮೀ., ಅಂದರೆ ಮಿ.ಮೀ.ಗೆ 400 ಪಲ್ಸ್. ಇಂಥದ್ದನ್ನೆಲ್ಲ ಅದೇ ಲೆಕ್ಕ ಹಾಕುತ್ತದೆ. ಅದರಾಚೆ ಹೋದರೆ ಫೈಲ್ ತೆರೆದು ಕೈಯಲ್ಲೇ ಬರೆಯಬೇಕು. ಒಂದು ಹೆಸರಿನ ಸ್ಪೆಲ್ಲಿಂಗ್ ತಪ್ಪಿದರೂ ಶುರುವೇ ಆಗುವುದಿಲ್ಲ, ಎರರ್ ಮೆಸೇಜ್ ಹೊಸಬರಿಗೆ ಅರ್ಥ ಆಗುವುದೂ ಕಷ್ಟ. ನನಗೆ ಕೈ ಕೂರಲು ಸುಮಾರು ಎರಡು ತಿಂಗಳ ಭಾನುವಾರಗಳು ಬೇಕಾದವು. ಫೈಲ್ ತಿದ್ದುವ ಮುಂಚೆ ಒಂದು ಕಾಪಿ ಇಟ್ಟುಕೊಳ್ಳಿ.

ಒಂದು ವಿಷಯ ಮಾತ್ರ ದಯವಿಟ್ಟು ಕೇಳಿ. ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ಮಾಡಬಹುದು ಅಂತ ಎಮರ್ಜೆನ್ಸಿ ಸ್ಟಾಪನ್ನೂ ಅದಕ್ಕೇ ಬಿಡಬೇಡಿ. ಆ ಕೆಂಪು ಬಟನ್ ಒತ್ತಿದರೆ ಕಂಪ್ಯೂಟರ್ ಹ್ಯಾಂಗ್ ಆಗಿದ್ದರೂ ಮೋಟರ್, ಸ್ಪಿಂಡಲ್ ಎರಡೂ ನಿಲ್ಲುವ ಹಾಗೆ ವೈರಿಂಗ್ ಇರಲಿ.

ನಿಮಗೆ ಆಗುತ್ತೋ ಇಲ್ವೋ ನೋಡಲು ಮಷಿನ್ ಕೂಡ ಬೇಕಿಲ್ಲ. ಇದರಲ್ಲಿ ಸಿಮ್ಯುಲೇಟರ್ ಇದೆ. ಹಳೇ ಕಂಪ್ಯೂಟರಿಗೆ ಹಾಕಿ, ‘ಆಕ್ಸಿಸ್’ ಅನ್ನುವ ಹೆಸರಿನ ಅದರ ಸ್ಕ್ರೀನ್ ತೆರೆದು ಒಂದು ಜಿ-ಕೋಡ್ (ಮಷಿನ್‌ಗೆ ಕೊಡುವ ಆದೇಶಗಳ ಫೈಲ್) ಓಡಿಸಿ. ಆಮೇಲೆ ಎಚ್‌ಎಎಲ್ ಫೈಲ್ ತೆರೆದು ಓದಿ. ಅದನ್ನು ಓದುವಾಗ ಖುಷಿಯಾದರೆ ಪೆಂಡ್ರೈವ್ ತಂದು ನಮ್ಮ ಶೆಡ್‌ಗೆ ಬನ್ನಿ, ನನ್ನ ಫೈಲುಗಳನ್ನು ಕೊಡುತ್ತೇನೆ.