ಅಳೆದ ಹೊತ್ತು, ಬರೆದ ಹೊತ್ತು: ಲ್ಯಾಬ್‌ವ್ಯೂ ಡಿಎಸ್‌ಸಿ ಮಾಡ್ಯೂಲ್‌ನ ಸಿಟಡೆಲ್ ಡೇಟಾಬೇಸ್ ಬಳಸಿದ ಅನುಭವ

ನಾನು ನೋಡಿಕೊಳ್ಳುವುದು ಒಂದು ಹೀಟಿಂಗ್ ಚೇಂಬರ್. ಒಳಗೆ ತಾಪಮಾನ ಅಳೆಯುವ 24 ಥರ್ಮೋಕಪಲ್, ಒಂದು ಹೀಟರ್, ಗಾಳಿ ತಿರುಗಿಸಲು ಒಂದು ಫ್ಯಾನ್. ಪರೀಕ್ಷೆ ಶುರುವಾದರೆ ವಾರಗಟ್ಟಲೆ ಹಗಲು ರಾತ್ರಿ ಓಡುತ್ತದೆ. ಸೆಕೆಂಡಿಗೊಮ್ಮೆ ಎಲ್ಲ ಚಾನೆಲ್ ಓದಬೇಕು, ಓದಿದ ಪ್ರತಿ ಅಂಕಿಯನ್ನೂ ಸಮಯದ ಸಮೇತ ಇಟ್ಟುಕೊಳ್ಳಬೇಕು. ಬರೀ ತಾಪಮಾನದ ಲೆಕ್ಕವೇ ದಿನಕ್ಕೆ 20,73,600 ಅಂಕಿಗಳು.

ಮೊದಲು ಟೆಕ್ಸ್ಟ್ ಫೈಲಿಗೆ ಬರೆಯುತ್ತಿದ್ದೆ, ದಿನಕ್ಕೊಂದು ಫೈಲ್. ಅದು ಸಾಕಾಗಲಿಲ್ಲ. "ಹೋದ ತಿಂಗಳು 7ನೇ ಚಾನೆಲ್ ಯಾವಾಗ 80 ಡಿಗ್ರಿ ದಾಟಿತು" ಎಂದು ಯಾರಾದರೂ ಕೇಳಿದರೆ 30 ಫೈಲ್ ತೆರೆದು ಹುಡುಕಬೇಕಿತ್ತು. ಆಮೇಲೆ ಲ್ಯಾಬ್‌ವ್ಯೂನ (ಸಾಲು ಬರೆಯುವ ಬದಲು ಚಿತ್ರದಲ್ಲಿ ವೈರ್ ಎಳೆದು ಅಳತೆಯ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್) ಡಿಎಸ್‌ಸಿ ಮಾಡ್ಯೂಲ್ ತೆಗೆದುಕೊಂಡೆವು. ಡಿಎಸ್‌ಸಿ ಅಂದರೆ ಡೇಟಾಲಾಗಿಂಗ್ ಅಂಡ್ ಸೂಪರ್ವೈಸರಿ ಕಂಟ್ರೋಲ್. ಅದರ ಜೊತೆ ಬರುವ ಹಿಸ್ಟಾರಿಕಲ್ ಡೇಟಾಬೇಸಿನ ಹೆಸರು ಸಿಟಡೆಲ್. ನಾನು ಬರೆಯುತ್ತಿರುವುದು ಇದನ್ನು ಬಳಸಿದ ಅನುಭವ. ಅದರಲ್ಲೂ ಮುಖ್ಯವಾಗಿ ರೈಟ್ ಟ್ರೇಸ್ ಎಂಬ ಒಂದು ವಿಐ ಬಗ್ಗೆ (ಲ್ಯಾಬ್‌ವ್ಯೂನಲ್ಲಿ ಒಂದು ಪ್ರೋಗ್ರಾಂ ತುಣುಕಿಗೆ ವಿಐ ಅನ್ನುತ್ತಾರೆ). ನನ್ನ ಮಟ್ಟಿಗೆ ಇಡೀ ಮಾಡ್ಯೂಲಿನ ಬೆಲೆ ಇರುವುದು ಅದರಲ್ಲೇ.

ಸಿಟಡೆಲ್‌ಗೆ ಡೇಟಾ ಹಾಕಲು ಎರಡು ದಾರಿ ಇದೆ. ಒಂದು ಸುಲಭದ್ದು. ನೆಟ್‌ವರ್ಕ್ ಶೇರ್ಡ್ ವೇರಿಯಬಲ್ (ನೆಟ್‌ವರ್ಕಿನ ಮೇಲೆ ಹಂಚಿಕೊಳ್ಳುವ ಒಂದು ಅಂಕಿ) ಒಂದನ್ನು ಮಾಡಿ, ಅದರ ಪ್ರಾಪರ್ಟೀಸ್‌ನಲ್ಲಿ ಲಾಗಿಂಗ್‌ಗೆ ಟಿಕ್ ಹಾಕಿದರೆ ಆಯಿತು. ಬ್ಲಾಕ್ ಡಯಾಗ್ರಾಮಿನಲ್ಲಿ, ಅಂದರೆ ಪ್ರೋಗ್ರಾಮಿನ ಚಿತ್ರದಲ್ಲಿ, ಒಂದು ವೈರ್ ಕೂಡ ಎಳೆಯಬೇಕಿಲ್ಲ. ವೇರಿಯಬಲ್ ಬದಲಾದಾಗಲೆಲ್ಲ ಅದೇ ಬರೆದುಕೊಳ್ಳುತ್ತದೆ. ಐದಾರು ಚಾನೆಲ್, ನಿಧಾನದ ಬದಲಾವಣೆ, ಅಷ್ಟೇ ಇದ್ದರೆ ಇದೇ ಸಾಕು, ಮುಂದೆ ಓದುವ ಅಗತ್ಯವೂ ಇಲ್ಲ.

ಇನ್ನೊಂದು ದಾರಿಯಲ್ಲಿ ಮೂರು ವಿಐಗಳಿವೆ: ಓಪನ್ ಟ್ರೇಸ್, ರೈಟ್ ಟ್ರೇಸ್, ಕ್ಲೋಸ್ ಟ್ರೇಸ್. ಒಂದು ಚಾನೆಲಿನ ಇತಿಹಾಸಕ್ಕೆ ಇಲ್ಲಿ ಟ್ರೇಸ್ ಅಂತಾರೆ. ಟ್ರೇಸ್ ತೆರೆದರೆ ಒಂದು ರೆಫರೆನ್ಸ್ ಸಿಗುತ್ತದೆ. ಆ ವೈರನ್ನು ರೈಟ್ ಟ್ರೇಸ್‌ಗೆ ಕೊಟ್ಟು, ಜೊತೆಗೆ ಬೆಲೆ (ಅಳೆದ ಅಂಕಿ) ಮತ್ತು ಟೈಮ್‌ಸ್ಟಾಂಪ್ (ಅದರ ಸಮಯ) ಕೊಡಬೇಕು. ಟೈಮ್‌ಸ್ಟಾಂಪನ್ನು ನಾವೇ ಕೊಡಬಹುದು ಅನ್ನುವುದನ್ನು ಗಮನಿಸಿ. ಇದು ಸಣ್ಣ ಸಂಗತಿ ಅಂತ ಮೊದಮೊದಲು ನನಗೂ ಅನಿಸಿತ್ತು.

ಒಂದು ಪರೀಕ್ಷೆಯ 11ನೇ ದಿನ ಚೇಂಬರ್ ಅತಿಯಾಗಿ ಬಿಸಿಯಾಗಿ ನಿಂತಿತು. ಗ್ರಾಫ್ ತೆಗೆದು ನೋಡಿದೆವು. ಮೊದಲು ಫ್ಯಾನ್ ನಿಂತಿದೆ, ಅದಾದ ಮೇಲೆ ತಾಪಮಾನ ಏರಿದೆ. "ಫ್ಯಾನೇ ಹೋಗಿದೆ ಸರ್, ಅದಕ್ಕೇ ಬಿಸಿಯಾಗಿದೆ" ಎಂದು ನನ್ನ ಜೊತೆ ಕೆಲಸ ಮಾಡುವ ಹುಡುಗ ಹೇಳಿದ. ನನಗೂ ಸರಿ ಅನಿಸಿತು. ಫ್ಯಾನ್ ಬದಲಿಸಿದೆವು. ಮೂರೇ ದಿನಕ್ಕೆ ಮತ್ತೆ ಅದೇ ಕಥೆ, ಗ್ರಾಫಿನಲ್ಲೂ ಅದೇ ಕ್ರಮ.

ತಪ್ಪು ನನ್ನ ಪ್ರೋಗ್ರಾಮಿನಲ್ಲಿತ್ತು. ತಾಪಮಾನ ಓದಲು ಒಂದು ಲೂಪ್, ಫ್ಯಾನಿನ ವೇಗ ಓದಲು ಇನ್ನೊಂದು ಲೂಪ್ ಇತ್ತು. ಎರಡೂ ಓದಿದ ಅಂಕಿಗಳನ್ನು ತಮ್ಮ ತಮ್ಮ ಕ್ಯೂಗೆ, ಅಂದರೆ ಕಾಯುವ ಸಾಲಿಗೆ, ಹಾಕುತ್ತಿದ್ದವು. ಬರೆಯುವ ಲೂಪ್‌ಗಳು ಅಲ್ಲಿಂದ ತೆಗೆದು ಸಿಟಡೆಲ್‌ಗೆ ಕಳಿಸುತ್ತಿದ್ದವು. ಟೈಮ್‌ಸ್ಟಾಂಪ್ ಹಾಕುತ್ತಿದ್ದದ್ದು ಬರೆಯುವ ಲೂಪಿನಲ್ಲಿ. ಸಾಲದ್ದಕ್ಕೆ, 24 ಚಾನೆಲಿಗೂ ಪ್ರತಿ ಸಲ ಟ್ರೇಸ್ ತೆರೆದು, ಬರೆದು, ಮುಚ್ಚುತ್ತಿದ್ದೆ. ಅದು ನಿಧಾನ. ತಾಪಮಾನದ ಕ್ಯೂ ದಿನದಿಂದ ದಿನಕ್ಕೆ ಬೆಳೆದು ಒಂದು ನಿಮಿಷಕ್ಕೂ ಜಾಸ್ತಿ ಹಿಂದೆ ಬಿದ್ದಿತ್ತು. ಫ್ಯಾನಿನ ಕ್ಯೂನಲ್ಲಿ ಒಂದೇ ಚಾನೆಲ್, ಅದು ಹಿಂದೆ ಬಿದ್ದಿರಲಿಲ್ಲ. ನಿಜವಾಗಿ ಆದದ್ದು ಇಷ್ಟು: ಹೀಟರಿನ ರಿಲೇ ಅಂಟಿಕೊಂಡು ಹೀಟರ್ ಆಫ್ ಆಗಲೇ ಇಲ್ಲ. ತಾಪಮಾನ ಏರಿತು. ಆ ಬಿಸಿಗೆ ಫ್ಯಾನಿನ ಮೋಟಾರಿನ ಒಳಗಿನ ರಕ್ಷಣೆಯ ಸ್ವಿಚ್ ಬಿಟ್ಟುಕೊಂಡು ಫ್ಯಾನ್ ನಿಂತಿತು. ಕಾರಣ ಯಾವುದು, ಪರಿಣಾಮ ಯಾವುದು ಅನ್ನುವುದನ್ನೇ ನನ್ನ ಡೇಟಾಬೇಸ್ ತಿರುವುಮುರುವಾಗಿ ಹೇಳಿತ್ತು. ಅದರಲ್ಲಿದ್ದ ಒಂದು ಅಂಕಿಯೂ ಸುಳ್ಳಲ್ಲ. ಅವುಗಳ ಪಕ್ಕದ ಸಮಯ ಮಾತ್ರ ಅಳೆದ ಹೊತ್ತಿನದಲ್ಲ, ಬರೆದ ಹೊತ್ತಿನದು.

ಈಗ ಮಾಡಿಕೊಂಡಿರುವ ವ್ಯವಸ್ಥೆ ಹೀಗಿದೆ. ಓದುವ ಲೂಪಿನಲ್ಲೇ ಟೈಮ್‌ಸ್ಟಾಂಪ್ ತೆಗೆದು, ಬೆಲೆಯ ಜೊತೆ ಒಂದೇ ಕ್ಲಸ್ಟರಿಗೆ, ಅಂದರೆ ಒಂದೇ ಗಂಟಿಗೆ, ಕಟ್ಟಿ ಕ್ಯೂಗೆ ಹಾಕುತ್ತೇನೆ. ಬರೆಯುವ ಲೂಪ್ ಆ ಟೈಮ್‌ಸ್ಟಾಂಪನ್ನೇ ರೈಟ್ ಟ್ರೇಸ್‌ಗೆ ಕೊಡುತ್ತದೆ. ಕ್ಯೂ ಹತ್ತು ಸೆಕೆಂಡ್ ಹಿಂದೆ ಬಿದ್ದರೂ ಇತಿಹಾಸ ಕೆಡುವುದಿಲ್ಲ. ಟ್ರೇಸ್‌ಗಳನ್ನು ಲೂಪ್ ಶುರುವಾಗುವ ಮೊದಲು ಒಂದೇ ಸಲ ತೆರೆದು, ರೆಫರೆನ್ಸ್‌ಗಳ ಅರೇಯನ್ನು ಒಳಗೆ ಕೊಟ್ಟಿದ್ದೇನೆ. ಮುಚ್ಚುವುದು ಲೂಪ್ ನಿಂತ ಮೇಲೆ. ಅಂದಿನಿಂದ ಕ್ಯೂ ಹಿಂದೆ ಬಿದ್ದಿಲ್ಲ.

ಇಲ್ಲಿ ಗ್ರಾಫಿಕಲ್ ಪ್ರೋಗ್ರಾಮಿಂಗಿನದೇ ಒಂದು ತೊಡಕಿದೆ. ಟೆಕ್ಸ್ಟ್ ಭಾಷೆಯಲ್ಲಿ ಮೇಲಿನ ಸಾಲು ಮೊದಲು, ಕೆಳಗಿನದು ಆಮೇಲೆ. ಲ್ಯಾಬ್‌ವ್ಯೂನಲ್ಲಿ ಎಡಕ್ಕಿರುವುದು ಮೊದಲು ಓಡಬೇಕು ಅಂತೇನೂ ಇಲ್ಲ. ಯಾವ ನೋಡ್‌ಗೆ ಬೇಕಾದ ಡೇಟಾ ಬಂದು ಸೇರಿತೋ ಅದು ಓಡುತ್ತದೆ. ಗೆಟ್ ಡೇಟ್ ಟೈಮ್ ಇನ್ ಸೆಕೆಂಡ್ಸ್ ಎಂಬ ಫಂಕ್ಷನ್‌ಗೆ ಒಳಬರುವ ವೈರೇ ಇಲ್ಲ, ಎರರ್ ಟರ್ಮಿನಲ್ ಕೂಡ ಇಲ್ಲ. ಹಾಗಾಗಿ ಅದನ್ನು ಸೆನ್ಸರ್ ಓದುವ ವಿಐ ಪಕ್ಕದಲ್ಲಿ ಎಷ್ಟು ಚೆಂದವಾಗಿ ಇಟ್ಟರೂ, ಅದು ಓದುವ ಮೊದಲು ಓಡಬಹುದು, ನಂತರವೂ ಓಡಬಹುದು. ಸೀರಿಯಲ್ ಪೋರ್ಟಿನಲ್ಲಿ ಉತ್ತರ ಬರಲು ಅರ್ಧ ಸೆಕೆಂಡ್ ಹಿಡಿದರೆ, ಸಮಯವೂ ಅಷ್ಟೇ ಅತ್ತಿತ್ತ ಆಗುತ್ತದೆ. ಸಮಯ ಕೊಡುವ ಆ ಫಂಕ್ಷನ್ನನ್ನು ಒಂದು ಫ್ರೇಮಿನ ಸೀಕ್ವೆನ್ಸ್ ಸ್ಟ್ರಕ್ಚರ್ ಎಂಬ ಚೌಕಟ್ಟಿನ ಒಳಗೆ ಹಾಕಿ, ಸೆನ್ಸರ್ ಓದುವ ವಿಐಯ ಎರರ್ ವೈರನ್ನು (ತಪ್ಪಾದರೆ ಸುದ್ದಿ ಒಯ್ಯುವ ವೈರ್) ಆ ಚೌಕಟ್ಟಿನ ಮೂಲಕ ಹಾಯಿಸಿ. ಆಗ ಕ್ರಮ ಗಟ್ಟಿಯಾಗುತ್ತದೆ. ಹೊಸಬರ ಡಯಾಗ್ರಾಮ್ ನೋಡುವಾಗ ನಾನು ಮೊದಲು ಹುಡುಕುವುದೇ ಇದನ್ನು.

ತನ್ನದೇ ಹಾರ್ಡ್‌ವೇರ್ ಗಡಿಯಾರದ ಮೇಲೆ ಓಡುವ ಡಿಎಕ್ಯೂ ಕಾರ್ಡ್ (ಸೆನ್ಸರ್ ಓದುವ ಕಾರ್ಡ್) ಇದ್ದರೆ, ಅದು ಕೊಡುವ ವೇವ್‌ಫಾರ್ಮಿನಲ್ಲೇ (ಅಳತೆಗಳ ಸರಣಿಯಲ್ಲೇ) ಶುರುವಿನ ಸಮಯ ಮತ್ತು ಎರಡು ಅಳತೆಗಳ ನಡುವಿನ ಅಂತರ ಬರುತ್ತದೆ. ಅದನ್ನೇ ಬಳಸಬಹುದು, ಆದರೆ ವಾರಗಟ್ಟಲೆ ಓಡುವ ಪರೀಕ್ಷೆಯಲ್ಲಿ ಹುಷಾರು. ಅದು ಶುರುವಿನ ಸಮಯವನ್ನು ಕಂಪ್ಯೂಟರಿನ ಗಡಿಯಾರದಿಂದ ಒಂದು ಸಲ ತೆಗೆದುಕೊಂಡು, ಮುಂದಿನದನ್ನೆಲ್ಲ ಕಾರ್ಡಿನ ಎಣಿಕೆಯಿಂದ ಕೂಡಿಸುತ್ತಾ ಹೋಗುತ್ತದೆ. ಎರಡು ಗಡಿಯಾರದ ನಡುವೆ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಭಾಗ) ವ್ಯತ್ಯಾಸ ಇದ್ದರೂ ದಿನಕ್ಕೆ 4.32 ಸೆಕೆಂಡ್ ಸರಿಯುತ್ತದೆ. ಹತ್ತು ದಿನಕ್ಕೆ 43 ಸೆಕೆಂಡ್. ಬೇರೆ ಲೂಪಿನಿಂದ ಬಂದ ಚಾನೆಲ್ ಜೊತೆ ಹೋಲಿಸುವಾಗ ಇದು ದೊಡ್ಡದೇ ಅಲ್ವಾ?

ಟೈಮ್‌ಸ್ಟಾಂಪ್ ವೈರಿನ ಬಗ್ಗೆಯೂ ಒಂದು ಮಾತು. ಲ್ಯಾಬ್‌ವ್ಯೂನ ಟೈಮ್‌ಸ್ಟಾಂಪ್ 128 ಬಿಟ್‌ನದು. 1904ರ ಜನವರಿ 1ರಿಂದ, ಯುಟಿಸಿ ಎಂಬ ಜಾಗತಿಕ ಸಮಯದ ಲೆಕ್ಕದಲ್ಲಿ, ಎಷ್ಟು ಸೆಕೆಂಡ್ ಆಯಿತು ಅನ್ನುವುದಕ್ಕೆ 64 ಬಿಟ್, ಸೆಕೆಂಡಿನ ಭಾಗಕ್ಕೆ ಇನ್ನೊಂದು 64 ಬಿಟ್. ಬೇರೆ ಎಷ್ಟೋ ಕಡೆ ಎಣಿಕೆ 1970ರಿಂದ ಶುರುವಾಗುತ್ತದೆ. ನಡುವಿನ ಅಂತರ 208,28,44,800 ಸೆಕೆಂಡ್. ಬೇರೆ ಡೇಟಾಬೇಸಿಗೆ ಕಳಿಸುವಾಗ ಇದನ್ನು ಕಳೆಯದಿದ್ದರೆ ನಿಮ್ಮ ಅಳತೆ 66 ವರ್ಷ ಮುಂದೆ ಹೋಗಿ ಕೂರುತ್ತದೆ. ಟೈಮ್‌ಸ್ಟಾಂಪನ್ನು ಡಬಲ್‌ಗೆ (64 ಬಿಟ್‌ನ ದಶಮಾಂಶ ಸಂಖ್ಯೆಗೆ) ಬದಲಿಸಿದರೆ ಪರವಾಗಿಲ್ಲ, ಅರ್ಧ ಮೈಕ್ರೋಸೆಕೆಂಡಿನವರೆಗೂ ಉಳಿಯುತ್ತದೆ. ಸಿಂಗಲ್‌ಗೆ (32 ಬಿಟ್‌ನದಕ್ಕೆ) ಮಾತ್ರ ಬದಲಿಸಬೇಡಿ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಸಿಂಗಲ್‌ನ ಒಂದು ಹೆಜ್ಜೆ 256 ಸೆಕೆಂಡ್. ಜಾಗ ಉಳಿಸೋಣ ಅಂತ ನಾನು ಒಮ್ಮೆ ಎಲ್ಲವನ್ನೂ ಸಿಂಗಲ್ ಅರೇಗೆ ಹಾಕಿದ್ದೆ. 4 ನಿಮಿಷ 16 ಸೆಕೆಂಡಿನ ಎಲ್ಲ ಅಳತೆಗಳೂ ಒಂದೇ ಗೆರೆಯ ಮೇಲೆ ಬಂದು ನಿಂತವು. ಕಾರಣ ಹುಡುಕಲು ಇಡೀ ದಿನ ಹೋಯಿತು.

ಇನ್ನು ಡೆಡ್‌ಬ್ಯಾಂಡ್. ಬೆಲೆ ಇಷ್ಟರಮಟ್ಟಿಗೆ ಬದಲಾದರೆ ಮಾತ್ರ ಬರೆ, ಇಲ್ಲದಿದ್ದರೆ ಬಿಡು ಅನ್ನುವ ಸೌಕರ್ಯ. ಶೇರ್ಡ್ ವೇರಿಯಬಲ್ ದಾರಿಯಲ್ಲಿ ಇದನ್ನು ಪ್ರಾಪರ್ಟೀಸ್‌ನಲ್ಲೇ ಹಾಕಬಹುದು. ಪ್ರತಿ ಅಂಕಿಗೆ 16 ಬೈಟ್ ಸಮಯ, 8 ಬೈಟ್ ಬೆಲೆ ಅಂತ ಹಾಗೇ ಇಟ್ಟರೆ ನನ್ನ ಚೇಂಬರಿಗೆ ದಿನಕ್ಕೆ ಸುಮಾರು 50 ಎಂಬಿ ಬೇಕು. ಡೆಡ್‌ಬ್ಯಾಂಡ್ ಹಾಕಿದರೆ ಸ್ಥಿರವಾಗಿರುವ ಹೊತ್ತಿನದೆಲ್ಲ ಉಳಿಯುತ್ತದೆ. ಒಳ್ಳೆಯದೇ. ಆದರೆ ಇದನ್ನು ಯೋಚಿಸದೆ ಹಾಕಿದರೆ ಎರಡು ಕಡೆ ಏಟು ತಿನ್ನುತ್ತೀರಿ.

ಮೊದಲನೆಯದು, ಒಂದು ಗಂಟೆ ಯಾವ ಅಂಕಿಯೂ ಇಲ್ಲ ಅಂದರೆ ತಾಪಮಾನ ಅಲುಗಾಡಲಿಲ್ಲ ಅಂತಲೋ, ಸೆನ್ಸರಿನ ವೈರ್ ಕಿತ್ತುಹೋಗಿ ಯಾರೂ ಓದಲೇ ಇಲ್ಲ ಅಂತಲೋ ಗೊತ್ತಾಗುವುದಿಲ್ಲ. ಇದಕ್ಕೆ ನಾನು ಬದಲಾಗಲಿ ಬಿಡಲಿ 60 ಸೆಕೆಂಡಿಗೊಂದು ಅಂಕಿ ಬರೆದೇ ಬರೆಯುತ್ತೇನೆ.

ಎರಡನೆಯದು ಗ್ರಾಫಿನ ಮೋಸ. ಡೆಡ್‌ಬ್ಯಾಂಡ್ 0.5 ಡಿಗ್ರಿ ಅಂದುಕೊಳ್ಳಿ. 60 ಡಿಗ್ರಿಯಲ್ಲಿ ಒಂದು ಗಂಟೆ ಸುಮ್ನೆ ನಿಂತಿದ್ದ ತಾಪಮಾನ ಸೆಕೆಂಡಿಗೆ 0.1ರಂತೆ ಏರತೊಡಗಿತು. ಮೊದಲ ಅಂಕಿ ಬೀಳುವುದು 5 ಸೆಕೆಂಡ್ ಆದ ಮೇಲೆ. ಎಕ್ಸ್‌ವೈ ಗ್ರಾಫ್ ಏನು ಮಾಡುತ್ತದೆ? ಒಂದು ಗಂಟೆ ಹಿಂದಿನ ಅಂಕಿಯಿಂದ ಈ ಅಂಕಿಗೆ ನೇರ ಗೆರೆ ಎಳೆಯುತ್ತದೆ. ನೋಡಿದವರಿಗೆ ತಾಪಮಾನ ಗಂಟೆಯಿಂದಲೂ ನಿಧಾನವಾಗಿ ಏರುತ್ತಿತ್ತು ಅನಿಸುತ್ತದೆ. ಆ ಇಳಿಜಾರು ನಡೆದೇ ಇಲ್ಲ. ಇದಕ್ಕೆ ಶೇರ್ಡ್ ವೇರಿಯಬಲ್ ಲಾಗಿಂಗ್ ಬಿಟ್ಟು ಡೆಡ್‌ಬ್ಯಾಂಡನ್ನು ನಾನೇ ಡಯಾಗ್ರಾಮಿನಲ್ಲಿ ಬರೆದೆ. ಬರೆಯದೆ ಬಿಟ್ಟ ಕೊನೆಯ ಅಂಕಿಯನ್ನು ಶಿಫ್ಟ್ ರಿಜಿಸ್ಟರಿನಲ್ಲಿ (ಲೂಪಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ನೆನಪಿಡುವ ಜಾಗ) ಇಟ್ಟುಕೊಳ್ಳುತ್ತೇನೆ. ಬೆಲೆ ಗಡಿ ದಾಟಿದ ತಕ್ಷಣ ಮೊದಲು ಆ ಇಟ್ಟುಕೊಂಡ ಅಂಕಿಯನ್ನು ಅದರದೇ ಸಮಯದ ಜೊತೆ ಬರೆದು, ಆಮೇಲೆ ಹೊಸದನ್ನು ಬರೆಯುತ್ತೇನೆ. ಗೆರೆ ಎಲ್ಲಿಯವರೆಗೆ ಸಪಾಟಾಗಿರಬೇಕೋ ಹೆಚ್ಚುಕಡಿಮೆ ಅಲ್ಲಿಯವರೆಗೂ ಸಪಾಟಾಗಿ ಬರುತ್ತದೆ. ಕೆಲವು ಸೆಕೆಂಡ್ ಹಳೆಯ ಅಂಕಿಯನ್ನು ಈಗ ಬರೆಯಬೇಕೆಂದರೆ ಟೈಮ್‌ಸ್ಟಾಂಪ್ ನಮ್ಮ ಕೈಯಲ್ಲಿರಬೇಕು. ರೈಟ್ ಟ್ರೇಸ್ ಅದಕ್ಕೆ ಅವಕಾಶ ಕೊಡುತ್ತದೆ. ನನಗೆ ಈ ವಿಐ ಮೇಲೆ ಪ್ರೀತಿ ಬರಲು ಇದೇ ಕಾರಣ.

ಒಂದು ಕಟ್ಟುಪಾಡಿದೆ. ಒಂದು ಟ್ರೇಸಿನೊಳಗೆ ಅಂಕಿಗಳು ಸಮಯದ ಕ್ರಮದಲ್ಲೇ ಹೋಗಬೇಕು. ಕಂಪ್ಯೂಟರಿನ ಗಡಿಯಾರವನ್ನು ಯಾರಾದರೂ ಹಿಂದಕ್ಕೆ ತಿರುಗಿಸಿದರೆ, ಅಥವಾ ನೆಟ್‌ವರ್ಕ್ ಸಮಯಕ್ಕೆ ಹೊಂದಿಸಿಕೊಳ್ಳುವಾಗ ಅದು ಒಂದೆರಡು ಸೆಕೆಂಡ್ ಹಿಂದೆ ಜಿಗಿದರೆ, ಹೊಸ ಅಂಕಿ ಹಳೆಯದಕ್ಕಿಂತ ಹಿಂದಿನದಾಗುತ್ತದೆ. ನಾನು ಪ್ರತಿ ಟ್ರೇಸಿನ ಕೊನೆಯ ಸಮಯ ನೆನಪಿಟ್ಟುಕೊಂಡು ಹೋಲಿಸುತ್ತೇನೆ. ಹಿಂದಿನದು ಬಂದರೆ ಅದನ್ನು ಒಂದು ಟೆಕ್ಸ್ಟ್ ಫೈಲಿಗೆ ತಳ್ಳುತ್ತೇನೆ, ಆಮೇಲೆ ಕೂತು ನೋಡುತ್ತೇನೆ. ಎರರ್ ವೈರನ್ನು ಬಿಡುಬೀಸಾಗಿ ಬಿಡಬೇಡಿ. ರೈಟ್ ಟ್ರೇಸ್ ಕೊಟ್ಟ ಎರರ್ ಯಾರೂ ನೋಡದಿದ್ದರೆ ಡೇಟಾ ಬೀಳದೇ ಇರುವುದು ತಿಂಗಳಾದ ಮೇಲೆ ಗೊತ್ತಾಗುತ್ತದೆ.

ಓದುವ ಕಡೆ ನೆಮ್ಮದಿ ಇದೆ. ರೀಡ್ ಟ್ರೇಸಸ್‌ಗೆ ಟ್ರೇಸ್ ಹೆಸರು, ಶುರು, ಕೊನೆ ಕೊಟ್ಟರೆ ಡೇಟಾ ಬರುತ್ತದೆ. ತಿಂಗಳ ಡೇಟಾವನ್ನು ಒಂದೇ ಏಟಿಗೆ ಕೇಳುವ ಬದಲು ದಿನದಿನವಾಗಿ ಕೇಳುವುದು ಮೇಲು. ಪ್ರೋಗ್ರಾಂ ಬರೆಯದೆಯೂ ಮ್ಯಾಕ್ಸ್ ಎಂಬ ಲ್ಯಾಬ್‌ವ್ಯೂ ಕಂಪನಿಯದೇ ಎಕ್ಸ್‌ಪ್ಲೋರರಿನಲ್ಲಿ ಟ್ರೇಸ್ ನೋಡಬಹುದು. ಬೇರೆ ಪ್ರೋಗ್ರಾಂಗಳನ್ನು ಡೇಟಾಬೇಸಿಗೆ ಜೋಡಿಸುವ ಒಡಿಬಿಸಿ ಡ್ರೈವರ್ ಇರುವುದರಿಂದ, ಡೇಟಾಬೇಸನ್ನು ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಬಲ್ಲವರು ಎಕ್ಸೆಲ್‌ನಿಂದಲೇ ಎಳೆದುಕೊಳ್ಳುತ್ತಾರೆ.

ನನಗೆ ಇಷ್ಟವಾಗದ್ದು ಅದರ ಮುಚ್ಚಿದ ಸ್ವಭಾವ. ಫೈಲುಗಳನ್ನು ಬೇರೆ ಯಾವುದೇ ಪ್ರೋಗ್ರಾಮಿನಲ್ಲಿ ನೇರವಾಗಿ ತೆರೆಯಲು ಬರುವುದಿಲ್ಲ. ವಿಂಡೋಸ್ ಬಿಟ್ಟು ಬೇರೆ ಕಡೆ ಇದು ಓಡುವುದಿಲ್ಲ. ಲ್ಯಾಬ್‌ವ್ಯೂಗೆ ಕೊಟ್ಟ ದುಡ್ಡಿನ ಮೇಲೆ ಡಿಎಸ್‌ಸಿಗೆ ಬೇರೆ ಲೈಸೆನ್ಸ್, ತಯಾರಾದ ಅಪ್ಲಿಕೇಶನ್ ಹಾಕುವ ಪ್ರತಿ ಕಂಪ್ಯೂಟರಿಗೂ ಮತ್ತೆ ರನ್‌ಟೈಮ್ ಲೈಸೆನ್ಸ್. ಸಣ್ಣ ಪ್ರಯೋಗಾಲಯಕ್ಕೆ ಇದು ಭಾರವೇ. ಒಂದೇ ಯಂತ್ರ, ಒಂದೇ ಪರೀಕ್ಷೆ ಇರುವವರಿಗೆ ಅಳತೆಗಳನ್ನು ಇಡಲೆಂದೇ ಇರುವ ಟಿಡಿಎಂಎಸ್ ಫೈಲ್ ಸಾಕು ಅಂತ ನಾನು ಹೇಳುತ್ತೇನೆ. ಅದು ಲ್ಯಾಬ್‌ವ್ಯೂ ಜೊತೆಗೇ ಬರುತ್ತದೆ, ಪೈಥಾನಿನಲ್ಲೂ ತೆರೆಯಬಹುದು. ಸೆಕೆಂಡಿಗೆ ಸಾವಿರಗಟ್ಟಲೆ ಸ್ಯಾಂಪಲ್ ಬರುವ ಕಂಪನದ ಅಳತೆಗೂ ಟಿಡಿಎಂಎಸ್ಸೇ ಸರಿ, ಸಿಟಡೆಲ್ ಅದಕ್ಕಲ್ಲ. ಹಲವು ಚಾನೆಲ್, ನಿಧಾನದ ಅಳತೆ, ತಿಂಗಳುಗಳ ಇತಿಹಾಸ, ಬೇಕಾದ ಗಂಟೆಗೆ ಹೋಗಿ ನೋಡುವ ಅಗತ್ಯ, ಇಷ್ಟೂ ಇರುವವರು ಸಿಟಡೆಲ್‌ಗೆ ಹೋಗಿ.

ಬ್ಯಾಕಪ್ಪಿಗೆ ಫೋಲ್ಡರನ್ನು ಹಾಗೇ ಕಾಪಿ ಮಾಡಬೇಡಿ, ಸಿಟಡೆಲ್‌ನ ಸರ್ವಿಸ್ ಅದರೊಳಗೆ ಬರೆಯುತ್ತಲೇ ಇರುತ್ತದೆ. ಮ್ಯಾಕ್ಸ್‌ನಲ್ಲಿ ಆರ್ಕೈವ್ ಮಾಡಿ. ನಾನು ತಿಂಗಳಿಗೊಮ್ಮೆ ಆರ್ಕೈವ್ ಮಾಡಿ, ಅದರ ಜೊತೆ ಎಲ್ಲ ಟ್ರೇಸ್‌ಗಳನ್ನೂ ಟಿಡಿಎಂಎಸ್‌ಗೆ ಬರೆದು ಇನ್ನೊಂದು ಡಿಸ್ಕಿನಲ್ಲಿ ಇಡುತ್ತೇನೆ.

ರಿಲೇ ಬದಲಿಸಿದ ಮೇಲೆ ಆ ಹಳೆಯ ರಿಲೇಯನ್ನೇ ಮತ್ತೆ ಹಾಕಿ, ಪಕ್ಕದಲ್ಲೇ ನಿಂತು ಒಮ್ಮೆ ಪರೀಕ್ಷೆ ಮಾಡಿದೆವು. ಅದು ಅಂಟಿಕೊಂಡಿತು, 24 ಗೆರೆಗಳೂ ಏರಿದವು, ಸುಮಾರು 40 ಸೆಕೆಂಡ್ ಆದ ಮೇಲೆ ಫ್ಯಾನಿನ ಗೆರೆ ಸೊನ್ನೆಗೆ ಬಿತ್ತು. ಈ ಸಲ ಡೇಟಾಬೇಸಿನಿಂದ ತೆಗೆದ ಗ್ರಾಫಿನಲ್ಲೂ ಅದೇ ಕ್ರಮ ಇತ್ತು. ಹುಡುಗ ಅದನ್ನು ಪ್ರಿಂಟ್ ತೆಗೆದು ಚೇಂಬರಿನ ಬಾಗಿಲಿಗೆ ಅಂಟಿಸಿದ್ದಾನೆ.