ಸೆಮಿನಾರ್‌ಗೆ ಯಾವುದು: ಡೆಕ್ಸಾಮಿಲ್ಲಾ, ಕೆಫೀನ್-ಲೊರಾಜೆಪಾಮ್ ಜೋಡಿಯಾ?

ಮಡಿಕೇರಿಯಲ್ಲಿ ಫಾರ್ಮಸಿ ಓದುವ ತಂಗಿಯೊಬ್ಬಳು ಕೇಳಿದ್ದಾಳೆ. ಎಚ್ಚರಿಸುವ ಔಷಧಿ, ಮಂಪರು ತರುವ ಔಷಧಿ ಎರಡನ್ನೂ ಒಟ್ಟಿಗೆ ಕೊಟ್ಟ ಸಂಶೋಧನೆ ಬಗ್ಗೆ ಮಾತಾಡಬೇಕಂತೆ.

ಓದೋಕೆ ಸಾಮಗ್ರಿ ಜಾಸ್ತಿ ಇರೋದು ಡೆಕ್ಸಾಮಿಲ್‌ನಲ್ಲೇ. 1950ರಲ್ಲಿ ಅಮೆರಿಕದಲ್ಲಿ ಬಂದ ಮಾತ್ರೆ. ಅದರಲ್ಲಿದ್ದ ಡೆಕ್ಸ್‌ಟ್ರೋಆಂಫೆಟಮಿನ್ ಮನಸ್ಸನ್ನು ಎಬ್ಬಿಸಲಿ, ಅದರ ಚಡಪಡಿಕೆಯನ್ನು ಅಮೋಬಾರ್ಬಿಟಾಲ್ ಇಳಿಸಲಿ ಅನ್ನೋದು ಲೆಕ್ಕಾಚಾರ. ಬ್ರಿಟನ್‌ನಲ್ಲಿ ಇದೇ ಜೋಡಿ ಡ್ರಿನಾಮಿಲ್ ಹೆಸರಲ್ಲಿ ಮಾರಾಟವಾಯಿತು, ನೀಲಿ ಬಣ್ಣದ ಆ ಮಾತ್ರೆ 'ಪರ್ಪಲ್ ಹಾರ್ಟ್' ಅಂತ ಹುಡುಗರ ಕೈಗೆ ಸಿಕ್ಕಿತು, ಕೊನೆಗೆ 1964ರಲ್ಲಿ ಅಲ್ಲಿ ಆಂಫೆಟಮಿನ್ ದುರ್ಬಳಕೆ ತಡೆಯೋಕೆ ಕಾನೂನೇ ಬಂತು. ಎರಡೂ ಚಟ ಹಿಡಿಸುವ ಔಷಧಿಗಳು, ಅದನ್ನು ಮರೆತು ಮಾತಾಡಬೇಡ.

ಕೆಲಸ ಮಾಡುವ ರೀತಿ ವಿವರಿಸೋಕೆ ಮಾತ್ರ ಕೆಫೀನ್ ಸುಲಭ. ಅದು ನಿದ್ದೆ ಬರಿಸುವ ಅಡೆನೊಸಿನ್ ಕೂರುವ ಜಾಗವನ್ನು (ರಿಸೆಪ್ಟರ್) ಅಡ್ಡಗಟ್ಟುತ್ತದೆ, ಮಂಪರು ತರುವ ಲೊರಾಜೆಪಾಮ್ ಮಾತ್ರೆ ಮೆದುಳನ್ನು ಶಾಂತ ಮಾಡುವ ಗಾಬಾ ಅನ್ನೋ ರಾಸಾಯನಿಕದ ಕೆಲಸಕ್ಕೆ ಬಲ ಕೊಡುತ್ತದೆ. ದಾರಿ ಬೇರೆ ಬೇರೆ ಅಲ್ವಾ? ಹಾಗಾಗಿ ಕಾಫಿ ಕುಡಿದರೆ ಮಂಪರು ಸ್ವಲ್ಪ ಇಳಿದಂತೆ ಅನಿಸಬಹುದು, ಆದರೆ ಮಾತ್ರೆ ಮೈಯಿಂದ ಹೋಗಿರುವುದಿಲ್ಲ. ಘಾಟಿ ರಸ್ತೆಯಲ್ಲಿ ಗಾಡಿ ಓಡಿಸುವವರಿಗೆ ಇದು ತುಂಬಾ ಮುಖ್ಯ. ನಮ್ಮ ತೋಟದ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕೆಫೀನ್ ಇದೆ, ಅದನ್ನೂ ಸೇರಿಸಿದರೆ ಕೇಳುವವರು ಕಿವಿಗೊಡುತ್ತಾರೆ.

ಮೇಷ್ಟ್ರು ಕಾನೂನು, ಇತಿಹಾಸ ಕೇಳುವವರಾದರೆ ಡೆಕ್ಸಾಮಿಲ್ ತಗೋ. ರಿಸೆಪ್ಟರ್ ಚಿತ್ರ ಬಿಡಿಸು ಅನ್ನುವವರಾದರೆ ಕೆಫೀನ್.